ಚೆನ್ನಾಗಿರುವ ಮಗುವಿನ ಮೂಗಿನಲ್ಲಿ ನ್ಯುಮೋಕಾಕಸ್

ಆಡಿಕೊಂಡು, ಉಂಡುಕೊಂಡು ಚೆನ್ನಾಗಿಯೇ ಇರುವ ಎರಡು ವರ್ಷದ ಮಗುವಿನ ಮೂಗಿನ ಹಿಂಭಾಗದಲ್ಲಿ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ಅದು ಕಾಯಿಲೆಯಲ್ಲ, ಬರೀ ಬಿಡಾರ. ಬರುವುದು ಸಿಂಬಳ, ಜೊಲ್ಲಿನ ಮೂಲಕ. ಹೆಚ್ಚಾಗಿ ಅಣ್ಣ-ಅಕ್ಕಂದಿರಿಂದ, ಶಿಶುವಿಹಾರದ ಜೊತೆಗಾರರಿಂದ. ನೆಗಡಿಯಿದ್ದಾಗ ಹರಡುವುದು ಇನ್ನೂ ಸಲೀಸು: ಸಿಂಬಳ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಹೊರಬೀಳುವುದೂ ಹೆಚ್ಚು.

ಒಳಗೆ ನಡೆಯುವುದು ಸ್ವಾರಸ್ಯಕರ. ಲೋಳೆಗೆ ಸಿಕ್ಕಿದ್ದೆಲ್ಲ ಗಂಟಲಿಗೆ ಜಾರಿಹೋಗಬೇಕು. ಆದರೆ ಇದರ ಸಕ್ಕರೆ ಕವಚಕ್ಕೆ ಸಾಮಾನ್ಯವಾಗಿ ಋಣ ವಿದ್ಯುದಂಶ, ಲೋಳೆಗೂ ಅದೇ. ಒಂದನ್ನೊಂದು ತಳ್ಳುವುದರಿಂದ ಬ್ಯಾಕ್ಟೀರಿಯಾ ನುಸುಳಿ ಜೀವಕೋಶ ಮುಟ್ಟುತ್ತದೆ. ಆಮೇಲೆ ನ್ಯೂರಮಿನಿಡೇಸ್ ಎಂಬ ಕಿಣ್ವದಿಂದ ಜೀವಕೋಶದ ಮೇಲ್ಮೈಯ ಸಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಕತ್ತರಿಸಿ, ಅಂಟಿಕೊಳ್ಳಲು ಜಾಗ ಮಾಡಿಕೊಳ್ಳುತ್ತದೆ. ಕವಚದ ಬಗೆಗಳು 100ಕ್ಕೂ ಹೆಚ್ಚು. ಒಂದು ಬಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇದ್ದು ಹೋದಮೇಲೆ ಇನ್ನೊಂದು ಬರುತ್ತದೆ.

ಪತ್ತೆ ಮಾಡುವಾಗ ಎಡವುವುದು ಸ್ವಾಬ್‌ನಲ್ಲೇ, ಅಂದರೆ ಮಾದರಿ ತೆಗೆಯುವ ಕಡ್ಡಿಯಲ್ಲೇ. ಚಿಕ್ಕ ಮಕ್ಕಳಲ್ಲಿ ಗಂಟಲಿನ ಸ್ವಾಬ್ ಸಾಲದು. ತೆಳ್ಳನೆಯ ಸ್ವಾಬನ್ನು ಮೂಗಿನ ತಳಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಒಯ್ಯಬೇಕು, ಮೇಲಕ್ಕಲ್ಲ. ಕೆನೆ ತೆಗೆದ ಹಾಲು, ಟ್ರಿಪ್ಟೋನ್, ಗ್ಲೂಕೋಸ್, ಗ್ಲಿಸರಾಲ್ ಇರುವ ದ್ರಾವಣಕ್ಕೆ ತಕ್ಷಣ ಹಾಕಬೇಕು. ರಕ್ತದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ, ರಕ್ತ ಬೆರೆಸಿದ ಜೆಲ್ಲಿ) ಮೇಲೆ ಹಸಿರು ಅಂಚಿನ, ನಡುವೆ ಕುಳಿಬಿದ್ದ ಚುಕ್ಕೆಗಳು ಕಾಣುತ್ತವೆ. ಕುಳಿಗೆ ಕಾರಣ ಬ್ಯಾಕ್ಟೀರಿಯಾ ತನ್ನನ್ನೇ ಕರಗಿಸಿಕೊಳ್ಳುವುದು.

ಸಿಕ್ಕಿತೆಂದು ಆಂಟಿಬಯೋಟಿಕ್ ಕೊಡುವುದು ದಡ್ಡತನ: ಮಣಿಯುವವು ಸತ್ತು ಮಣಿಯದವು ಉಳಿಯುತ್ತವೆ. ಕವಚದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಮಾಡಿದ ಕಾಂಜುಗೇಟ್ ಲಸಿಕೆ ತನ್ನಲ್ಲಿರುವ ಬಗೆಗಳನ್ನು ಮೂಗಿನಲ್ಲೂ ಕಡಿಮೆ ಮಾಡುತ್ತದೆ, ತೆರವಾದ ಜಾಗಕ್ಕೆ ಬೇರೆ ಬಗೆಗಳು ಬರುವುದುಂಟು.