ಕಾಯಿಲೆ ಅವರದ್ದು, ಸುದ್ದಿ ಮಾತ್ರ ನಮ್ಮ ಹತ್ತಿರ

ನಮ್ಮಪ್ಪ ಟೈಲರ್. ಅವರು ತೀರಿಕೊಂಡು ಹದಿನೈದು ದಿನದ ಮೇಲೆ ಅವರ ಕಪಾಟು ತೆಗೆದೆವು. ಹನ್ನೊಂದು ಬಟ್ಟೆ ಕತ್ತರಿ ಮುಟ್ಟದೆ ಮಡಚಿಟ್ಟ ಹಾಗೇ ಇದ್ದವು. ಒಂದೊಂದಕ್ಕೂ ಗುಂಡುಪಿನ್ನು ಚುಚ್ಚಿದ ಚೀಟಿ. ಅಳತೆ ಪುಸ್ತಕ ತೆರೆದರೆ ನಮಗೆ ತಲೆಬುಡ ತಿಳಿಯಲಿಲ್ಲ. ಅಂಕಿಯ ಪಕ್ಕ ಒಂದು ಗೀಟು, ಒಂದು ಸೊನ್ನೆ, ಎರಡು ಚುಕ್ಕಿ. ಯಾವುದು ಭುಜ, ಯಾವುದು ತೋಳು ಅಂತ ಅಪ್ಪನಿಗಷ್ಟೇ ಗೊತ್ತು. ಮೂರು ಬಟ್ಟೆ ಒಂದೇ ಮದುವೆ ಮನೆಯವು. ಚೀಟಿಯ ಮೇಲಿನ ತಾರೀಕು ನೋಡಿದರೆ, ಅವರು ಸಾಯುವುದಕ್ಕೆ ಮೂರು ವಾರ ಮುಂಚೆ ಒಪ್ಪಿಕೊಂಡಿದ್ದು. ಅಮ್ಮ ಒಂದೊಂದೇ ಮನೆಗೆ ಹೋಗಿ ಎಲ್ಲವನ್ನೂ ವಾಪಸ್ ಕೊಟ್ಟು ಬಂದಳು.

ಅಪ್ಪನಿಗೆ ಕ್ಯಾನ್ಸರ್ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪನೊಬ್ಬರಿಗೆ ಬಿಟ್ಟು.

ತೀರ್ಮಾನ ಆಗಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಡಾಕ್ಟರ್ ನಮ್ಮಿಬ್ಬರನ್ನು ಹೊರಗೆ ಕರೆದರು. "ಅವರಿಗೆ ಹೇಳೋಣ್ವಾ?" ಅಂತ ಕೇಳಿದರು. "ಬೇಡ ಸಾರ್, ಕುಸಿದು ಹೋಗ್ತಾರೆ" ಅಂದ ಅಣ್ಣ. ನಾನೂ ತಲೆಯಾಡಿಸಿದೆ. ಅರ್ಧ ನಿಮಿಷ ಹಿಡಿದಿರಬಹುದು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಒಳಗೆ ಅಪ್ಪ ಮಂಚದ ಮೇಲೆ ಕೂತು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಒಳಗೆ ಹೋಗಿ "ಹೊಟ್ಟೆಯಲ್ಲಿ ಹುಣ್ಣಂತೆ ಅಪ್ಪ, ನಿಧಾನಕ್ಕೆ ವಾಸಿಯಾಗುತ್ತೆ" ಅಂದವನು ನಾನೇ.

ಇವತ್ತು ನನಗೆ ಅನಿಸುವುದು ಇಷ್ಟು: ಅದು ತಪ್ಪು. ನಮ್ಮದು ಪ್ರೀತಿಯೇ, ಅನುಮಾನ ಬೇಡ. ಆದರೂ ತಪ್ಪು. ಕಾಯಿಲೆ ಬಂದವರಿಂದ ಅವರ ಕಾಯಿಲೆಯನ್ನು ಬಚ್ಚಿಡಿ ಅಂತ ಡಾಕ್ಟರಿಗೆ ಹೇಳುವ ಅಧಿಕಾರ ಮಕ್ಕಳಿಗಿಲ್ಲ, ಹೆಂಡತಿಗಿಲ್ಲ, ಅಣ್ಣತಮ್ಮಂದಿರಿಗಿಲ್ಲ.

ಈ ಬಚ್ಚಿಡುವ ಅಭ್ಯಾಸ ಹಳೆಯದು. ಪ್ರಾಚೀನ ಕಾಲದ ವೈದ್ಯ ಹಿಪೊಕ್ರಟಿಸನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಬರಹಗಳಲ್ಲೇ, ರೋಗಿಯ ಮುಂದೆ ಹೆಚ್ಚಿನದನ್ನು ಮುಚ್ಚಿಡು ಅಂತ ವೈದ್ಯನಿಗೆ ಹೇಳಿದೆ. 1961ರಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯರು ಶಿಕಾಗೋದ ಒಂದು ಆಸ್ಪತ್ರೆಯ ಡಾಕ್ಟರುಗಳನ್ನು ಇದೇ ಪ್ರಶ್ನೆ ಕೇಳಿದರು. ಸುಮಾರು ಶೇ. 90ರಷ್ಟು ಜನ, ಕ್ಯಾನ್ಸರ್ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ ಅಂದರು. 1979ರಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಅಮೆರಿಕದ ಡಾಕ್ಟರುಗಳ ಮುಂದಿಟ್ಟಾಗ ಶೇ. 97 ಜನ ಹೇಳುತ್ತೇವೆ ಅಂದರು. ಹದಿನೆಂಟೇ ವರ್ಷ. ಅಷ್ಟರಲ್ಲಿ ಮನುಷ್ಯರ ಎದೆ ಗಟ್ಟಿಯಾಯಿತು ಅಂತಲ್ಲ. ಚಿಕಿತ್ಸೆ ಸುಧಾರಿಸಿತ್ತು, ರೋಗಿಯ ಒಪ್ಪಿಗೆ ಕೇಳಬೇಕು ಅನ್ನುವ ಮಾತು ಗಟ್ಟಿಯಾಗಿ ಕೇಳಿಬರುತ್ತಿತ್ತು. ಅಂದರೆ "ಹೇಳಿದರೆ ಕುಸಿದು ಹೋಗ್ತಾರೆ" ಅನ್ನುವುದು ಬದಲಾಗದ ಸತ್ಯವೇನಲ್ಲ. ಬಹಳ ಸಲ ಅದು ಹೇಳಬೇಕಾದವರ ಭಯ. ನನ್ನದಂತೂ ಹಾಗೇ ಇತ್ತು. ಅಪ್ಪ ಅಳುವುದನ್ನು ನೋಡುವ ಧೈರ್ಯ ಇರಲಿಲ್ಲ ನನಗೆ.

ಒಂದು ಸುಳ್ಳಿಗೆ ಎಷ್ಟು ಕಾವಲು ಬೇಕು ಗೊತ್ತಾ? ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ಹೇಳಿಕೊಡಬೇಕು. ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಇಡಬೇಕು. ಕೀಮೋ ಅನ್ನದೆ "ಡ್ರಿಪ್ಸ್" ಅನ್ನಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ಅಣ್ಣ, ವಾಂತಿ ಮಾಡಿಕೊಂಡವರು ಅಪ್ಪ. ಒಂದು ಬೆಳಿಗ್ಗೆ ತಲೆದಿಂಬಿನ ಮೇಲಿದ್ದ ಕೂದಲನ್ನೆಲ್ಲ ಬೆರಳಿನಿಂದ ಒಟ್ಟು ಮಾಡಿ ಅಂಗೈಯಲ್ಲಿ ಹಿಡಿದುಕೊಂಡು ಕೇಳಿದರು, "ಹುಣ್ಣಿನ ಔಷಧಿಗೆ ಕೂದಲು ಉದುರುತ್ತೇನೋ?" "ಕೆಲವರಿಗೆ ಉದುರುತ್ತಂತೆ ಅಪ್ಪ" ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಆಮೇಲಿನ ನಾಲ್ಕು ತಿಂಗಳು ನಾವು ಆಡಿದ ಮಾತೆಲ್ಲ ನಿದ್ದೆ ಬಂತಾ, ಮಾತ್ರೆ ತಗೊಂಡ್ರಾ, ಇಷ್ಟೇ.

"ಅಪ್ಪನಿಗೆ ಒಳಗೊಳಗೇ ಗೊತ್ತಿತ್ತು ಬಿಡೋ" ಅಂತ ಅಣ್ಣ ಈಗಲೂ ಹೇಳುತ್ತಾನೆ. ನನಗೆ ನಂಬಿಕೆ ಇಲ್ಲ. ಕೊಟ್ಟ ತಾರೀಕು ಒಂದು ದಿನ ತಪ್ಪಿಸಿದವರಲ್ಲ ಅಪ್ಪ. ಗೊತ್ತಿದ್ದಿದ್ದರೆ ಆ ಮದುವೆ ಬಟ್ಟೆಗಳನ್ನು ಮುಟ್ಟುತ್ತಿರಲಿಲ್ಲ. ಅಳತೆ ಪುಸ್ತಕದ ಗುಟ್ಟನ್ನು ಯಾರಿಗಾದರೂ ಹೇಳಿಕೊಡುತ್ತಿದ್ದರು. ಇನ್ನೂ ಏನೇನು ಮಾಡುತ್ತಿದ್ದರೋ. ನಾಲ್ಕು ತಿಂಗಳು ಅವರದ್ದಾಗಿತ್ತು. ಅದು ನಾಲ್ಕೇ ತಿಂಗಳು ಅನ್ನುವುದನ್ನು ನಾವು ಅವರಿಗೆ ಹೇಳಲೇ ಇಲ್ಲ.

ಹಾಗಂತ ಸತ್ಯವನ್ನು ಎಲ್ಲರ ಮುಖಕ್ಕೆ ಎಸೆಯಬೇಕು ಅಂತ ನಾನು ಹೇಳುತ್ತಿಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಲೇಖನವೊಂದಿದೆ. ನಿಮ್ಮ ಸ್ನೇಹಿತನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಅವನೆಲ್ಲಿ ಅಂತ ಕೇಳಿದರೂ ಸುಳ್ಳು ಹೇಳಬಾರದು ಅನ್ನುತ್ತಾರೆ ಅವರು. ಅಷ್ಟು ದೂರ ನಾನು ಹೋಗಲಾರೆ. ತಿಳಿಯದೆ ಇರುವ ಹಕ್ಕೂ ಮನುಷ್ಯನಿಗಿದೆ. ಮಿದುಳನ್ನು ನಿಧಾನಕ್ಕೆ ಹಾಳು ಮಾಡುವ ಹಂಟಿಂಗ್ಟನ್ ಕಾಯಿಲೆಯನ್ನೇ ನೋಡಿ. ತಂದೆ ಅಥವಾ ತಾಯಿಗೆ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಾಸಿ ಮಾಡುವ ಔಷಧಿ ಇಲ್ಲ. 1993ರಲ್ಲಿ ಅದರ ಜೀನ್ ಸಿಕ್ಕಿತು, ನೇರವಾಗಿ ಪರೀಕ್ಷೆ ಮಾಡುವುದು ಸಾಧ್ಯವಾಯಿತು. ಆದರೂ ಆ ಮನೆತನಗಳ ಹೆಚ್ಚಿನವರು ಮಾಡಿಸಿಕೊಳ್ಳಲಿಲ್ಲ. ಅವರನ್ನು ಹೇಡಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ. 1997ರ ಒವಿಯೆಡೊ ಒಪ್ಪಂದ, ಅಂದರೆ ಯುರೋಪಿನ ದೇಶಗಳು ಮಾಡಿಕೊಂಡ ಒಪ್ಪಂದ, ಎರಡನ್ನೂ ಒಂದೇ ಕಲಮಿನಲ್ಲಿ ಬರೆದಿದೆ: ತನ್ನ ಆರೋಗ್ಯದ ಬಗ್ಗೆ ತಿಳಿಯುವ ಹಕ್ಕಿದೆ, ಬೇಡ ಅಂದರೆ ಅದನ್ನೂ ಪಾಲಿಸಬೇಕು. ಆದರೆ ಆ "ಬೇಡ" ಬರಬೇಕಾದ್ದು ರೋಗಿಯ ಬಾಯಿಂದ. ನಾವು ಕಾರಿಡಾರಿನಲ್ಲಿ ಅಪ್ಪನ ಪರವಾಗಿ ಅಂದೆವಲ್ಲ, ಅದಲ್ಲ.

ಕೆಟ್ಟ ಸುದ್ದಿ ಹೇಳುವುದು ಹೇಗೆ ಅಂತ ಡಾಕ್ಟರುಗಳಿಗೆ ಕಲಿಸುವ ಆರು ಹೆಜ್ಜೆಯ ಒಂದು ಕ್ರಮವಿದೆ. ಸ್ಪೈಕ್ಸ್ ಅಂತ ಅದರ ಹೆಸರು, 2000ದಲ್ಲಿ ಪ್ರಕಟವಾಗಿದ್ದು. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೆಯ ಹೆಜ್ಜೆ. ಅದಕ್ಕೂ ಮೊದಲು, ನಿಮಗೆ ಈಗ ಏನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟ ಅಂತ ಕೇಳಬೇಕು. ಓದಿದಾಗ ಹೊಟ್ಟೆ ಉರಿಯಿತು. ಇಷ್ಟು ಸುಲಭದ ಮಾತು. ಯಾರೂ ಅಪ್ಪನನ್ನು ಕೇಳಲಿಲ್ಲ.

ಹೋದ ವರ್ಷ ಚಿಕ್ಕಮ್ಮನ ರಿಪೋರ್ಟ್ ಬಂತು. ಮತ್ತೆ ಅದೇ ಥರ, ಡಾಕ್ಟರ್ ನನ್ನ ಕಡೆ ನೋಡಿ ಹೊರಗೆ ಬನ್ನಿ ಅನ್ನುವ ಹಾಗೆ ಕಣ್ಣು ಮಾಡಿದರು. ನಾನು ಏಳಲಿಲ್ಲ. "ಅವರನ್ನೇ ಕೇಳಿ ಡಾಕ್ಟರೇ" ಅಂದೆ. ಧ್ವನಿ ನಡುಗುತ್ತಿತ್ತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಚಿಕ್ಕಮ್ಮನ ಎದುರು ಕೂತು ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಮಡಿಲಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಹೆಸರು ಹೇಳಬೇಡಿ. ನಾನು ಏನು ಮಾಡಬೇಕು ಅಷ್ಟು ಹೇಳಿ. ಉಳಿದಿದ್ದು ಇವನಿಗೆ ಗೊತ್ತಿರಲಿ. ಬೇಕು ಅನಿಸಿದ ದಿನ ನಾನೇ ಕೇಳ್ತೀನಿ" ಅಂದಳು.

ಇನ್ನೂ ಕೇಳಿಲ್ಲ. ರಿಪೋರ್ಟ್ ಅವಳ ಮೇಜಿನ ಮೇಲೆ, ಅವಳ ಕೈಗೆ ಸಿಗುವ ಹಾಗೇ ಇಟ್ಟಿದ್ದೇನೆ.