ಬ್ರೂಕ್ 3 ಎಚ್.ಪಿ. ಮೋಟಾರು: ಸ್ಟಾರ್ ಪಾಯಿಂಟ್ ಒಂದಲ್ಲ, ಎರಡು!

ಈ ಬ್ರೂಕ್ ಮೋಟಾರನ್ನು ಗ್ಯಾರೇಜಿನ ಕರೆಂಟಿಗೆ ಒಗ್ಗಿಸೋವಾಗ ಅಡಗಿ ಕೂತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ: ಎರಡನೇ ಸ್ಟಾರ್ ಪಾಯಿಂಟ್, ಅಂದರೆ ಮೂರು ಫೇಸಿನ ವೈಂಡಿಂಗುಗಳ ತುದಿ ಒಂದೆಡೆ ಸೇರೋ ಬೆಸುಗೆ. ಬೇರಿಂಗ್ ಕೀಳೋದು, ಹೌಸಿಂಗ್ ತೊಳೆಯೋದು ಎಲ್ಲರಿಗೂ ಗೊತ್ತಿರೋದೇ, ನೇರ ತಲೆನೋವಿಗೆ ಬರೋಣ.

ಹಡರ್ಸ್‌ಫೀಲ್ಡ್‌ನಲ್ಲಿ 1904ರಲ್ಲಿ ಶುರುವಾದ ಬ್ರೂಕ್, ಎ.ಸಿ. ಮೋಟಾರನ್ನೇ ನಂಬಿ ಬೆಳೆದ ಕಂಪನಿ. ಗಿರಾಕಿಗಳು ಫ್ಯಾಕ್ಟರಿಯವರು, ಅಲ್ಲಿ ಮೂರು ಫೇಸ್ ಇದ್ದೇ ಇತ್ತು. ಹಾಗಾಗಿ ಈ ಮೋಟಾರಿನಲ್ಲಿ ಸ್ಟಾರನ್ನು ಒಳಗೇ ಬೆಸೆದು ಮೂರೇ ವೈರು ಹೊರಗೆ ಬಿಟ್ಟಿದ್ದಾರೆ. ಬ್ರಿಟನ್ನಿನ ಗ್ಯಾರೇಜಿಗೆ ಬರೋದು ಸಿಂಗಲ್ ಫೇಸ್. 230 ವೋಲ್ಟಿನ ವಿ.ಎಫ್.ಡಿ. (ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿಕೊಡೋ ಡ್ರೈವ್) ಹಾಕಿ 415 ವೋಲ್ಟಿನ ಸ್ಟಾರನ್ನು ಹಾಗೇ ಓಡಿಸಿದರೆ ಟಾರ್ಕ್, ಅಂದರೆ ತಿರುಗಿಸೋ ಬಲ, ಮೂರರಲ್ಲೊಂದು ಪಾಲಿಗೆ ಇಳಿಯುತ್ತೆ. ಡೆಲ್ಟಾ ಮಾಡಲೇಬೇಕು, ಅಂದರೆ ಒಂದು ಫೇಸಿನ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಿ ತ್ರಿಕೋನ ಕಟ್ಟಬೇಕು.

ಹಾಟ್ ಏರ್ ಗನ್ನಿನಿಂದ ವಾರ್ನಿಷ್ ಮೆತ್ತಗೆ ಮಾಡಿ, ಬಿದಿರುಕಡ್ಡಿಯಿಂದ ಹತ್ತಿಯ ಟೇಪು ಎಬ್ಬಿಸಬೇಕು. ಸ್ಕ್ರೂಡ್ರೈವರ್ ಮುಟ್ಟಿದರೆ ಎನಾಮಲ್ ಹೋಯಿತು ಅಂತಲೇ ಲೆಕ್ಕ. ಮೂರು ತುದಿ ಸೇರಿದ ಬೆಸುಗೆ ಸಿಕ್ಕಿತು, ಕತ್ತರಿಸಿದ್ದಾಯಿತು. ಆದರೂ ಮೂರು ವೈರಿನ ನಡುವೆ ಮೀಟರ್ ಕೂಗುತ್ತಲೇ ಇದೆ! ಗುಟ್ಟು ಓಮ್‌ನಲ್ಲಿತ್ತು: ಮೊದಲು 5.6, ಕತ್ತರಿಸಿದ ಮೇಲೆ 11.2. ಸರಿಯಾಗಿ ಎರಡರಷ್ಟು. ಅಂದರೆ ಪ್ರತಿ ಫೇಸಿನಲ್ಲೂ ಎರಡು ಪ್ಯಾರಲಲ್ ದಾರಿ, ಎರಡಕ್ಕೂ ಬೇರೆ ಬೇರೆ ಸ್ಟಾರ್. ಇನ್ನೊಂದು ಬೆಸುಗೆ ಎದುರು ಬದಿಯ ಟೇಪಿನಡಿ ಬೆಚ್ಚಗೆ ಮಲಗಿತ್ತು. ಇದನ್ನು ನೋಡದೆ ಡೆಲ್ಟಾ ಕಟ್ಟಿದ್ದರೆ ಅರ್ಧ ವೈಂಡಿಂಗು ಡೆಲ್ಟಾ, ಅರ್ಧ ಸ್ಟಾರ್. ಎರಡೂ ಕಿತ್ತಾಡಿಕೊಂಡು ಹೊಗೆಯೇ ಗತಿ.

ಈಗ ಆರು ತುದಿ. ಒಂದೇ ವೈರಿಗೆ ಹೊಂದುವ ಎರಡೆರಡನ್ನು ಮೀಟರಿನಲ್ಲಿ ಹುಡುಕಿ ಜೋಡಿಸಿ ಎ2, ಬಿ2, ಸಿ2 ಅಂತ ಚೀಟಿ ಕಟ್ಟಿ. ಹಳೆಯ ಮೂರು ವೈರು ಎ1, ಬಿ1, ಸಿ1. ಫೇಸಿಗೆ 2.8 ಓಮ್ ಬರಬೇಕು. ಎ2ನ್ನು ಬಿ1ಕ್ಕೆ, ಬಿ2ನ್ನು ಸಿ1ಕ್ಕೆ, ಸಿ2ನ್ನು ಎ1ಕ್ಕೆ ಸೇರಿಸಿದ ಮೇಲೆ ಯಾವುದೇ ಎರಡರ ನಡುವೆ ಸುಮಾರು 1.9. ನೇಮ್‌ಪ್ಲೇಟಿನ 4.8 ಆಂಪಿಯರ್ ಇನ್ನು 8.3 ಆಗುತ್ತೆ, ಡ್ರೈವಿನ ಓವರ್‌ಲೋಡನ್ನು ಅಲ್ಲಿಗೇ ಇಡಿ. ಬೆಸುಗೆ ಮುಚ್ಚೋ ಸ್ಲೀವು ಫೈಬರ್‌ಗ್ಲಾಸಿನದೇ ಇರಲಿ. ಆರ್ಡರ್ ಹಾಕಿದ್ದು ಅದನ್ನೇ, ಅಂಗಡಿಯವರು ಕಳಿಸಿದ್ದು ಪಿ.ವಿ.ಸಿ., ವಾರ್ನಿಷ್ ಬೇಕಿಂಗಿನ ಬಿಸಿಯಲ್ಲಿ ಕರಗಿಹೋಗೋ ಮಾಲು.

ಅದೇ ಅಂಗಡಿಯಿಂದ ಮುಂದಿನ ಕೆಲಸಕ್ಕೂ ಕಾಣಿಕೆ ಬಂದಿದೆ. ಸರದಿಯಲ್ಲಿರೋದು ಅರ್ಧ ಎಚ್.ಪಿ.ಯ ಕ್ರಾಂಪ್ಟನ್ ಪಾರ್ಕಿನ್ಸನ್. 1927ರಲ್ಲಿ ಚೆಮ್ಸ್‌ಫರ್ಡ್‌ನ ಕ್ರಾಂಪ್ಟನ್, ಗೈಸ್ಲಿಯ ಪಾರ್ಕಿನ್ಸನ್ ಒಂದಾಗಿ ಹುಟ್ಟಿದ ಕಂಪನಿ ಅದು. ಶಾಫ್ಟು 5/8 ಇಂಚು, ಅಂದರೆ 15.875 ಮಿ.ಮೀ. "ಸರಿಯಾಗಿ ಕೂರುತ್ತೆ" ಅಂತ ಕಳಿಸಿದ ಪುಲ್ಲಿಯ ಬೋರು 16. ಆ 0.125 ಸಾಕು, ಪುಲ್ಲಿಯನ್ನು ಶಾಫ್ಟಿಗೆ ಕಚ್ಚಿಸೋ ಕೀ ಕಿತ್ತುಕೊಂಡು ಬರೋಕೆ.

ಬ್ರೂಕಿನ ವಾರ್ನಿಷ್ ಇನ್ನೂ ಒಣಗುತ್ತಿದೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆಯ ಮೀಟರ್) ಹಾಕದೆ ಸ್ವಿಚ್ಚು ಮುಟ್ಟೋ ಹಾಗಿಲ್ಲ.