ಮೇಜಿನ ಮೇಲೆ ಮಾರುತ್

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1961ರಲ್ಲಿ ಮೊದಲ ಸಲ ಹಾರಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಈಗ ನಮ್ಮನೆ ಮೇಜಿನ ಮೇಲೆ ತಯಾರಾಗುತ್ತಿದೆ. ಹದಿನಾರರಲ್ಲಿ ಒಂದು ಪಾಲು ಅಳತೆ. ಅಂದರೆ ಉದ್ದ ಹೆಚ್ಚುಕಡಿಮೆ 1 ಮೀಟರ್. ಪ್ಲಾಸ್ಟಿಕ್ ಕಿಟ್ ಅಲ್ಲ, ಪೂರ್ತಿ ಅಲ್ಯೂಮಿನಿಯಂ!

ಹೊದಿಕೆಗೆ ಕೂಲ್‌ಡ್ರಿಂಕ್ಸ್‌ನ ಖಾಲಿ ಕ್ಯಾನೇ ಸಾಕು. ಅದರ ತಗಡು ಸುಮಾರು 0.1 ಮಿ.ಮೀ. ದಪ್ಪ. ಬಣ್ಣ ಉಜ್ಜಿ ತೆಗೆದರೆ ಆಯಿತು.

ಕಷ್ಟ ಇರುವುದು ಸೊಂಟದಲ್ಲಿ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಅಂತ ಮಾರುತ್‌ನ ನಡು ಒಳಕ್ಕೆ ಒತ್ತಿದಂತಿದೆ. ಆ ಆಕಾರಕ್ಕೆ ತಗಡು ಸುಮ್ನೆ ಬಗ್ಗುವುದಿಲ್ಲ. ಅದಕ್ಕೆ ಸೋಪು ಸವರಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಸೋಪು ಕಪ್ಪಾದ ಕೂಡಲೇ ಉರಿ ತೆಗೆಯಬೇಕು. ಆಮೇಲೆ ತಗಡು ಹೇಳಿದ ಮಾತು ಕೇಳುತ್ತದೆ. ಜಾಸ್ತಿ ಬಡಿದರೆ ಮತ್ತೆ ಗಟ್ಟಿ, ಮತ್ತೆ ಸೋಪು. ರಿವೆಟ್ (ತಗಡು ಜೋಡಿಸುವ ಮೊಳೆ) ಗುರುತಿಗೆ ಹಳೇ ಗಡಿಯಾರದ ಹಲ್ಲಿನ ಚಕ್ರ ಉರುಳಿಸುತ್ತೇನೆ.

ಕಾಕ್‌ಪಿಟ್ ನೆಲದ ಕೆಳಗಿನ ವೈರುಗಳನ್ನೂ ಜೋಡಿಸಿದ್ದೇನೆ. ಮುಚ್ಚಿದ ಮೇಲೆ ಅವು ಯಾರಿಗೂ ಕಾಣುವುದಿಲ್ಲ. "ಮತ್ತೆ ಯಾಕೆ ಈ ಒದ್ದಾಟ?" ಅಂತ ಮನೆಯಲ್ಲಿ ಕೇಳಿದರು. ನಿಜವಾದ ವಿಮಾನದಲ್ಲಿ ಇತ್ತಲ್ವಾ, ಅದಕ್ಕೆ. ಈ ವಾರ ಬಾಲದ ಕೆಲಸ ಶುರು. ಖಾಲಿ ಕ್ಯಾನ್ ಇದ್ದವರು ಎಸೆಯಬೇಡಿ, ನನಗೆ ಕೊಡಿ.